ಅಂಟು ಒಣಗುವವರೆಗೆ

ಷೆಡ್ಡಿನ ಮೆಟ್ಟಿಲ ಮೇಲಿಂದ,
ಜುಲೈ ೧೧

ಪ್ರೀತಿಯ ರೀ,

ನೆಲದ ಸುದ್ದಿಯನ್ನು ಈ ಪತ್ರದಲ್ಲಿ ಎತ್ತಲೇಬಾರದು ಎಂದುಕೊಂಡು ಪೆನ್ನು ಹಿಡಿದೆ. ಮೊದಲ ಸಾಲಿಗೇ ಸೋತೆ. ಇರಲಿ, ನಿಮ್ಮ ಬೆನ್ನುನೋವು ಹೇಗಿದೆ? ಹೊಸ ಕೆಲಸದ ಕ್ಯಾಂಟೀನಿನ ಊಟ ಒಗ್ಗಿತೇ? ಫೋನಿನಲ್ಲಿ ಕೇಳಿದರೆ "ಎಲ್ಲಾ ಸರಿ ಇದೆ ಕಣೇ" ಎಂದು ತೇಲಿಸಿಬಿಡುತ್ತೀರಿ. ನಾನೂ ಫೋನಿನಲ್ಲಿ ಎಲ್ಲದಕ್ಕೂ "ಹೂಂ" ಎಂದುಬಿಡುತ್ತೇನೆ. ಅದಕ್ಕೇ ಈ ಪತ್ರ.

ಹೋದ ತಿಂಗಳು ಬಂದಾಗ ನೀವೇ ನೋಡಿದಿರಲ್ಲ, ಒಂದು ಕಾಲದ ಗ್ಯಾರೇಜಿನ ನೆಲ ಇದು. ಸಿಮೆಂಟು ಸವೆದು, ಗುಡಿಸಿದಷ್ಟೂ ಪುಡಿ ಏಳುತ್ತದೆ. ನಾವು ಹೊಲಿಯುವ ಕಿಟಕಿ ಪರದೆಗಳ ಬಟ್ಟೆಯನ್ನು ಉದ್ದಕ್ಕೆ ನೆಲದ ಮೇಲೆ ಹರಡದೆ ಕತ್ತರಿಸಲಾಗುವುದಿಲ್ಲ. ಬಿಳಿ ಬಟ್ಟೆ ಎತ್ತಿ ನೋಡಿದರೆ ಅಡಿಯೆಲ್ಲ ಬೂದಿ ಬಣ್ಣ, ನಡುವೆ ಹಳೇ ಆಯಿಲ್ಲಿನ ಕಲೆ. "ಹೇಗೂ ತಾತ್ಕಾಲಿಕ ತಾನೇ, ಏನಾದ್ರೂ ಹಾಸ್ಕೋ" ಎಂದಿರಿ. (ತಾತ್ಕಾಲಿಕದ ಒತ್ತು ಎಲ್ಲಿ ಬರುತ್ತದೆಂದು ಈಗಲೂ ತಡಕಾಡುತ್ತೇನೆ. ಇಂಗ್ಲಿಷ್ ಮೀಡಿಯಮ್ಮಿನ ಪುಣ್ಯ.) ಹಾಸಿದೆ. ಚಾಪೆಯ ಸಂದಿಯಲ್ಲಿ ಗುಂಡುಸೂಜಿಗಳು ಮನೆ ಮಾಡಿಕೊಂಡವು. ಟಾರ್ಪಾಲು ಜಾರಿ ನಮ್ಮ ಹೊಲಿಗೆಯಕ್ಕ ಧೊಪ್ಪನೆ ಕೂತುಬಿಟ್ಟಳು; "ಅಮ್ಮಾ, ಹಾಸಿರೋದು ಟಾರ್ಪಾಲಾ, ಬಾಳೆಹಣ್ಣಿನ ಸಿಪ್ಪೇನಾ?" ಎಂದು ಕೂತಲ್ಲಿಂದಲೇ ಕೇಳಿದಳು. ಫೋಮಿನ ಚೌಕಗಳಲ್ಲಿ ಮೆಷಿನ್ನಿನ ಕಾಲು ಹೂತು ಹೊಲಿಗೆ ಸೊಟ್ಟಗಾಯಿತು. ಕೊನೆಗೆ ವಿನೈಲ್ ಶೀಟು ತಂದು ಸುಮ್ಮನೆ ಹಾಸಿದರೆ ಅಂಚು ಸುರುಳಿ ಸುತ್ತಿಕೊಂಡು ಬಾಗಿಲಿಗೇ ಅಡ್ಡ ನಿಂತಿತು.

ಷೆಡ್ಡಿನ ಓನರು ಬಂದು ನೋಡಿ, "ಅಂಟಿಸೋದಾದ್ರೆ ಅಂಟಿಸ್ಕೊಳ್ಳಿ. ಆಮೇಲೆ ಕಿತ್ಕೊಂಡು ಹೋಗಕ್ಕಾಗಲ್ಲ, ಯೋಚ್ನೆ ಮಾಡಿ" ಎಂದರು. ಅವರು ಹೇಳಿದ್ದು ಶೀಟಿನ ಮಾತು. ನನಗೇಕೆ ಬೇರೇನೋ ಕೇಳಿಸಿತು? ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನೀವು ಅಲ್ಲಿ ಗೊತ್ತುಮಾಡಿರುವ ಮನೆಯ ಫೋಟೋಗಳನ್ನು ತೆಗೆದು ತೆಗೆದು ನೋಡುತ್ತೇನೆ. ಮುಖ ಕಾಣುವಂಥ ನೆಲ. ಆಗಸ್ಟಿಗೆ ಇಲ್ಲಿನ ಹೊಲಿಗೆ ಕೆಲಸವೆಲ್ಲ ಮುಚ್ಚಿ ಅಲ್ಲಿಗೆ ಬರುತ್ತೇನೆಂದು ಹೇಳಿದವಳೂ ನಾನೇ. ಆದರೆ ಆ ಮನೆಯಲ್ಲಿ ನಾನು ಬಟ್ಟೆ ಹರಡುವುದೆಲ್ಲಿ ಎಂದು ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನದು ಹಠವೋ, ಹೊಸ ಊರಿನ ಭಯವೋ, ಅಥವಾ ಈ ಕೆಲಸ ನಿಜಕ್ಕೂ ಅಷ್ಟು ಬೇಕೋ? ಮೂರೂ ಇರಬಹುದು.

ಬೆನ್ನಿಗೆ ಶಾಖ ಕೊಟ್ಟುಕೊಳ್ಳಿ. ಹೊಲಿಗೆಯಕ್ಕ ನಮಸ್ಕಾರ ಹೇಳಿದ್ದಾಳೆ.

ನಿಮ್ಮವಳೇ,
ನಾನು

ವಿ.ಸೂ.: ಸಹಿ ಹಾಕಿದ ಮೇಲೆ ಧೈರ್ಯ ಬಂತು. ಇವತ್ತು ಬೆಳಿಗ್ಗೆ ಅಂಟು ಹಾಕಿಸಿಬಿಟ್ಟೆ, ಬಾಗಿಲಿನಿಂದ ಹಿಂದಿನ ಗೋಡೆಯವರೆಗೂ. ಒಳಗೆ ಕಾಲಿಡುವ ಹಾಗಿಲ್ಲ, ಅದಕ್ಕೇ ಮೆಟ್ಟಿಲ ಮೇಲೆ ಕೂತು ಬರೆದೆ. ಆಗಸ್ಟಿಗೆ ನಾನು ಬರುವುದಿಲ್ಲ ರೀ. ನೀವು ಬನ್ನಿ, ಜಗಳ ಆಡಲಿಕ್ಕಾದರೂ. ಅಂಟು ಗಟ್ಟಿಯಾಗಲು ಮೂರು ದಿನ ಬೇಕಂತೆ, ಅಲ್ಲಿಯವರೆಗೆ ಶೀಟು ಎತ್ತಬಹುದಂತೆ. ಅಷ್ಟರಲ್ಲಿ ನೀವು ಫೋನ್ ಮಾಡಿ ಬೇಡವೆಂದರೆ "ಹೂಂ" ಎಂದು ಎತ್ತಿಬಿಟ್ಟೇನು; ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಆದ್ದರಿಂದ ಇದನ್ನು ಪೋಸ್ಟ್ ಮಾಡುವುದು ಜುಲೈ ಹದಿನಾಲ್ಕಕ್ಕೆ.