ಪಡಸಾಲೆಯ ನೇವಿ ಬ್ಲೂ ಗೋಡೆ

ಮೊಳಕಾಲ್ಮೂರು
೯-೩-೨೦೨೫, ಭಾನುವಾರ

ಪ್ರೀತಿಯ ಯರ್ರಕ್ಕನಿಗೆ,

ನಿನ್ನ ತಮ್ಮ ಅಂಜಿನೇಯ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಅದು ಎಷ್ಟು ನಿಜವೆಂದು ಮುಂದೆ ಓದಿದರೆ ಗೊತ್ತಾಗುತ್ತದೆ. ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ನಿಂತಿತೇ, ಇಲ್ಲ ಬೀಡಿಯ ಜೊತೆ ಇನ್ನೂ ಸಂಸಾರ ಮಾಡುತ್ತಿದ್ದಾರೆಯೇ? ಧರ್ಮಾವರದಲ್ಲಿ ಆಗಲೇ ಬಿಸಿಲು ಸುಡುತ್ತಿದೆಯಂತೆ. ಮಧ್ಯಾಹ್ನದ ಹೊತ್ತು ಮಾಳಿಗೆ ಹತ್ತಿ ಹಪ್ಪಳ ಹಾಕಬೇಡ, ಸೊಸೆ ಇದ್ದಾಳೆ, ಹಾಕಲಿ.

ಫೋನ್ ಇರುವಾಗ ಇವನೇಕೆ ಕಾಗದ ಬರೆದ ಎಂದು ನಿನಗೆ ಎದೆ ಹೊಡೆದುಕೊಳ್ಳುತ್ತಿರಬೇಕು. ಯಾರೂ ಸತ್ತಿಲ್ಲ, ಮೊದಲು ನೀರು ಕುಡಿ. ನಿನ್ನ ಮನೆಯಲ್ಲಿ ಫೋನು ಯಾವಾಗಲೂ ಯಾರದೋ ಕೈಯಲ್ಲಿ ಇರುತ್ತದೆ, ನಾನು ಒಂದು ಮಾತು ಆಡಿದರೆ ಅಡುಗೆಮನೆಯವರೆಗೂ ಕೇಳುತ್ತದೆ. ನಮ್ಮ ಮನೆಯಲ್ಲೂ ಅದೇ ಕತೆ. ಕಾಗದವಾದರೆ ಹಾಗಲ್ಲ. ತೆಲುಗು ಓದಿದ ನಿನ್ನ ಮಕ್ಕಳು ನಮ್ಮ ಅಕ್ಷರಗಳನ್ನು ಹೇಗೋ ಕೂಡಿಸಿಯಾರು, ಆದರೆ ನನ್ನ ಕಾಗೆಕಾಲು ಗುಬ್ಬಿಕಾಲಿನ ಅರ್ಥ ಹಿಡಿಯುವ ತಾಳ್ಮೆ ಅವರಿಗಿಲ್ಲ. ಆದ್ದರಿಂದ ನೀನೇ ಓದು. ಯಾರ ಕೈಗೂ ಕೊಟ್ಟು ಓದಿಸಬೇಡ. ಅಕ್ಷರಗಳನ್ನು ದಪ್ಪದಪ್ಪವಾಗಿ ಬರೆದಿದ್ದೇನೆ.

ಮಗಳು ದಿವ್ಯಾಳ ಮದುವೆ ಯುಗಾದಿ ಕಳೆದ ಮೇಲೆ ಎಂಬುದು ನಿನಗೆ ಗೊತ್ತೇ ಇದೆ. ಮದುವೆಯೆಂದರೆ ಮನೆಗೆ ಬಣ್ಣ ಆಗಬೇಕಲ್ಲ. ನಾನು ಸುಣ್ಣ ಬಳಿದು ಕೈ ತೊಳೆದುಕೊಳ್ಳೋಣ ಎಂದಿದ್ದೆ. ಮದುಮಗಳು ಫೋನಿನಲ್ಲಿ ಯಾರದೋ ಮನೆಯ ಫೋಟೊ ತೋರಿಸಿ, ಪಡಸಾಲೆಯ ಎದುರುಗೋಡೆಗೆ ನೇವಿ ಬ್ಲೂ ಆಗಲೇಬೇಕು, ಮಿಕ್ಕ ಮೂರಕ್ಕೆ ಏನಾದರೂ ಹಚ್ಚಿಕೊಳ್ಳಿ ಎಂದಳು. ಅವಳವ್ವ ಕಾಂಚನಾ ಫೋಟೊ ನೋಡಿ, "ಅಯ್ಯೋ, ಇದು ಶನಿದೇವರ ಗುಡಿ ಬಣ್ಣ ಕಣೇ, ಬೀಗರು ಬಂದು ಎಣ್ಣೆ ಹೊಯ್ದು ಹೋಗ್ತಾರೆ ಅಷ್ಟೆ" ಎಂದಳು. "ನೀನು ಸುಮ್ನಿರವ್ವ, ಅಪ್ಪ ನೇಯ್ತಿರೋ ಸೀರೆ ಸೆರಗಿನ ಬಣ್ಣಾನೂ ಅದೇ ಐತೆ, ಗೋಡೆ ಮುಂದೆ ನಿಂತ್ರೆ ಹೆಂಗ್ ಕಾಣ್ತೀನಿ ನೋಡು" ಎಂದು ಇವಳು. ಎರಡು ದಿನ ತಾಯಿ ಮಗಳ ಜಗಳ ಕೇಳಿ ಸಾಕಾಗಿ, ಆಗಲಿ ಎಂದು ಮೂವರೂ ಚಳ್ಳಕೆರೆ ಬಸ್ಸು ಹತ್ತಿದೆವು. ಅಲ್ಲಿ ಒಂದು ಅಂಗಡಿಯಲ್ಲಿ ಯಂತ್ರ ಇಟ್ಟಿದ್ದಾರೆ, ಕೇಳಿದ ಬಣ್ಣವನ್ನು ಕಣ್ಣೆದುರಿಗೇ ಕಲಸಿ ಕೊಡುತ್ತಾರೆ.

ಅಂಗಡಿಯವನು ಒಂದು ಉದ್ದನೆಯ ಪಟ್ಟಿ ಬಿಚ್ಚಿ ಮುಂದಿಟ್ಟ. ಅದರ ತುಂಬ ಚಿಕ್ಕಚಿಕ್ಕ ಚೌಕಗಳು. ಅಷ್ಟೂ ನೇವಿ ಬ್ಲೂ ಜಾತಿಯವೇ ಅಂತೆ. ಕಾಂಚನಾ ಒಂದರ ಮೇಲೆ ಬೆರಳಿಟ್ಟು ಇದರಲ್ಲಿ ನೇರಳೆ ಜಾಸ್ತಿ ಎಂದಳು, ದಿವ್ಯಾ ಇನ್ನೊಂದನ್ನು ತೋರಿಸಿ ಇದರಲ್ಲಿ ಹಸಿರು ಐತೆ ಎಂದಳು. ಅಂಗಡಿಯವನು ಇಬ್ಬರಿಗೂ "ಬಹುತ್ ಅಚ್ಛಾ, ಅದೂ ಚೆನ್ನಾಗೈತೆ, ಇದೂ ಚೆನ್ನಾಗೈತೆ" ಎಂದು ತಲೆಯಾಡಿಸುತ್ತಿದ್ದ. ಅಕ್ಕಾ, ನನಗೆ ಆ ಪಟ್ಟಿಯಲ್ಲಿ ಕಂಡದ್ದು ಕಪ್ಪು. ಮೇಲಿನ ಚೌಕದಿಂದ ಕೆಳಗಿನ ಚೌಕದವರೆಗೆ ಬರೀ ಕಪ್ಪು. ಮೊದಲು ಅಂಗಡಿಯವನು ತಪ್ಪು ಪಟ್ಟಿ ಕೊಟ್ಟಿದ್ದಾನೆ ಎಂದುಕೊಂಡೆ. "ಏನ್ ಸಾಮಿ, ಬಣ್ಣ ತೋರಿಸ್ರಿ ಅಂದ್ರೆ ಬಾಣಲೆ ತಳ ತೋರಿಸ್ತೀರಲ್ಲ" ಎಂದೆ. ಎಲ್ಲರೂ ನಕ್ಕರು. "ಅಪ್ಪ ಶುರು ಮಾಡ್ತು" ಎಂದು ದಿವ್ಯಾ ನಕ್ಕಳು. ಹೆಜ್ಜೆಗೊಂದು ತಮಾಷೆ ಮಾಡುವವನ ಪಾಡು ಇದೇ ನೋಡು, ನಿಜ ಹೇಳಿದರೂ ನಗುತ್ತಾರೆ. ನಾನೂ ನಕ್ಕೆ. ಬಾಯಿ ನಗುತ್ತಿತ್ತು, ಅಂಗೈ ಬೆವರಿ ಆ ಪಟ್ಟಿಯ ತುದಿ ಒದ್ದೆಯಾಗಿತ್ತು.

ಸುಮ್ಮನಿರಲಾಗದೆ ಒಂದು ಚೌಕದ ಮೇಲೆ ಬೆರಳಿಟ್ಟು ಮಗಳಿಗೆ, "ಹೇಳು ನೋಡಾನ, ಇದ್ಯಾವ ಬಣ್ಣ?" ಎಂದೆ. ಅವಳು ಥಟ್ಟನೆ ಹೇಳಿದಳು. ಅವಳು ಏನು ಹೇಳಿದಳೋ ನನಗೆ ಕೇಳಿಸಲೇ ಇಲ್ಲ. ನನ್ನ ಬಾಯಿಂದ ಬಂದ ಮಾತು, ಆ ಧಾಟಿ, ಕೊನೆಗೆ ಎಳೆಯುವ ಆ ರಾಗ, ಅದು ನನ್ನದಲ್ಲ ಅಕ್ಕಾ. ಅಪ್ಪನದು.

ನೆನಪಿದೆಯಲ್ಲವೇ ನಿನಗೆ? ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು, ಲಾಳಿಗೆ ಹಾಕುವ ನೂಲಿನ ಕಂಡಿಕೆಯನ್ನು ನಮ್ಮ ಕಡೆ ಚಾಚಿ, "ಹೇಳು ನೋಡಾನ, ಇದ್ಯಾವ ಬಣ್ಣ?" ಎನ್ನುತ್ತಿದ್ದ. ಸರಿಯಾಗಿ ಹೇಳಿದವರಿಗೆ ಬೆಲ್ಲದ ಚೂರು. ನೀನು ದೊಡ್ಡವಳು, ಯಾವಾಗಲೂ ನನಗಿಂತ ಮೊದಲು ಹೇಳಿ ಬೆಲ್ಲ ಹೊಡೆಯುತ್ತಿದ್ದೆ. ತಿಪ್ಪಯ್ಯ ಮಕ್ಕಳನ್ನು ಆಡಿಸುತ್ತಲೇ ಕಸುಬು ಕಲಿಸುತ್ತಾನೆ ಎಂದು ಓಣಿಯವರೆಲ್ಲ ಹೊಗಳುತ್ತಿದ್ದರು. ನಾವೂ ಹಾಗೇ ತಿಳಿದಿದ್ದೆವು. ಚಳ್ಳಕೆರೆಯ ಆ ಅಂಗಡಿಯಲ್ಲಿ ನಿಂತು ನನಗೆ ಹೊಳೆಯಿತು, ಅಪ್ಪ ಗೊತ್ತಿಲ್ಲದೆ ಕೇಳುತ್ತಿದ್ದ. ಮಕ್ಕಳು ಹೇಳಿದ ಮೇಲೆಯೇ ಆ ಕಂಡಿಕೆಯನ್ನು ಲಾಳಿಗೆ ಹಾಕುತ್ತಿದ್ದ. ನಾವು ಬೆಲ್ಲ ಚೀಪುತ್ತಿದ್ದಾಗ ಅವನು ಒಳಗೆ ಎಷ್ಟು ಹೆದರಿರಬೇಕು! ಆಮೇಲೆ ಬಾಗಿಲವಾಡಕ್ಕೆ ಭುಜ ತಗುಲಿಸಿಕೊಳ್ಳಲು ಶುರು ಮಾಡಿದ, ಪಕ್ಕದಲ್ಲಿ ಕೂತವರು ಕಾಣುತ್ತಿರಲಿಲ್ಲ. ಬಳ್ಳಾರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಡಾಕ್ಟರು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ನರ ಒಣಗೋಗೈತೆ, ಮೊದ್ಲೇ ಬರಬೇಕಿತ್ತು. ಇದು ರಕ್ತದಾಗೆ ಬರೋದು, ಮಕ್ಕಳ ಕಣ್ಣೂ ಆಗಾಗ ತೋರಿಸ್ತಿರ್ರಿ." ಅವ್ವ ಹೂಂ ಎಂದಳು. ಅಪ್ಪನ ಕೈ ಹಿಡಿದು ಬಸ್ಸು ಹತ್ತಿಸುವ ಗಡಿಬಿಡಿಯಲ್ಲಿ ಎಲ್ಲರೂ ಮರೆತೆವು.

ಗೋಡೆಯ ಕತೆ ಮುಗಿಸುತ್ತೇನೆ. ಪೇಂಟಿಂಗ್ ಬೊಮ್ಮಣ್ಣ ಗೊತ್ತಲ್ಲ, ಶಾಲೆಯಲ್ಲಿ ನನ್ನ ಜೊತೆ ಬೆಂಚಿನ ಮೇಲೆ ನಿಂತು ನಿಂತೇ ಓದು ಮುಗಿಸಿದವನು. ಅವನೇ ಹಚ್ಚಿದ. ನಾನು ಹೊರಗಿನಿಂದ ಬಂದವನು ಪಕ್ಕದಲ್ಲಿದ್ದ ಅವನ ಏಣಿಯನ್ನೇ ನೋಡದೆ ಭುಜಕ್ಕೆ ಬಡಿಸಿಕೊಂಡೆ. ತಲೆಯೆತ್ತಿದರೆ ಎದುರುಗೋಡೆ ಪೂರ್ತಿ ಕಪ್ಪು, ಒಲೆಯ ಹಿಂದಿನ ಗೋಡೆಯ ಹಾಗೆ. "ಯಾಕಲೇ ಬೊಮ್ಮ, ಮದ್ವೆ ಮನೆಗೆ ಕಪ್ಪು ಬಳಿದೀಯ?" ಎಂದು ಕೂಗಾಡಿದೆ. ಅವನು ಏಣಿಯ ಮೇಲಿನಿಂದಲೇ, "ನೇಕಾರ ಆಗಿ ಹಿಂಗಂತೀಯಲ್ಲಲೇ ಅಂಜಿನಿ, ನಿನ್ನ ಮಗ್ಗ ಮಾರಿ ಎಮ್ಮೆ ಕಟ್ಟು. ಬಿಸಿಲಾಗಿಂದ ಬಂದೀಯ, ಕಣ್ಣು ಕಟ್ಟೈತೆ, ಒಂಚೂರು ಕೂತ್ಕ, ಬಣ್ಣ ತಾನಾಗೇ ಕಾಣ್ತತೆ" ಎಂದ. ಕೂತೆ. ಕಾಂಚನಾ ಚಹ ತಂದಳು, ಕುಡಿದೆ, ಲೋಟ ತಣ್ಣಗಾಯಿತು. ಗೋಡೆ ಕಪ್ಪಾಗಿಯೇ ಇತ್ತು. ಶನಿದೇವರ ಗುಡಿ ಎಂದಿದ್ದ ಕಾಂಚನಾಳೇ ಈಗ "ನವಿಲ ಕತ್ತಿನಂಗೈತೆ ಅಲ್ರೀ" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಳು. ಹೌದು, ಹಂಗೇ ಐತೆ ಎಂದೆ. ಬಂದವರೆಲ್ಲ ಹೊಗಳುತ್ತಾರೆ, ನಾನು ಹೌದು ಹೌದು ಎನ್ನುತ್ತೇನೆ. ನನಗೆ ಮಾತ್ರ ಪಡಸಾಲೆಯಲ್ಲಿ ಯಾರೋ ಒಂದು ಬಾವಿಯನ್ನು ಎಬ್ಬಿಸಿ ನಿಲ್ಲಿಸಿದ ಹಾಗಿದೆ. ಆ ಗೋಡೆಯ ಹತ್ತಿರ ಹೋಗುವಾಗ ಕೈ ಮುಂದೆ ಚಾಚುತ್ತೇನೆ.

ಇಷ್ಟೇ ಆಗಿದ್ದರೆ ಗೋಡೆಗೆ ಬೆನ್ನು ಮಾಡಿ ಮದುವೆ ಮುಗಿಸುತ್ತಿದ್ದೆ. ನನ್ನನ್ನು ಕೊಲ್ಲುತ್ತಿರುವುದು ಸೀರೆ. ನಮ್ಮ ಮನೆಯ ಪದ್ಧತಿ ನಿನಗೆ ಹೇಳಬೇಕೇ? ನಿನ್ನ ಧಾರೆ ಸೀರೆಯನ್ನು ಅಪ್ಪ ಹಾಗೆಯೇ ನೇಯ್ದ. ಮಗಳು ಬಣ್ಣ ಹೇಳುತ್ತಾಳೆ, ತಂದೆ ಒಬ್ಬನೇ ನೂಲು ಸುತ್ತಿ ನೇಯುತ್ತಾನೆ, ಬಿಳಿ ಬಟ್ಟೆ ಮುಚ್ಚಿದ ಆ ಸೀರೆಯನ್ನು ಬೀಗರ ಮುಂದೆ ಬಿಡಿಸುವವರೆಗೆ ತಾಯಿಯೂ ನೋಡುವಂತಿಲ್ಲ, ಮಗಳೂ ನೋಡುವಂತಿಲ್ಲ. ಸೀರೆ ಮಗ್ಗದ ಮೇಲಿರುವಷ್ಟು ದಿನ ಮನೆಯಲ್ಲಿ ಕಪ್ಪು ದಾರ ಇರಕೂಡದು, ತಂದೆಯೇ ಅದನ್ನು ಹೊರಗೆ ಸಾಗಿಸಬೇಕು. ದಿವ್ಯಾ ಕೇಳಿದ್ದು ಅರಿಶಿನದ ಮೈ, ನೇವಿ ಬ್ಲೂ ಸೆರಗು. ಹಿಂದಿನ ಒಂದು ಸೀರೆಯದು ಕಪ್ಪು ರೇಷ್ಮೆ ನೂಲಿನ ಕಟ್ಟು, ಒಂದು ಲಡಿ, ಮಿಕ್ಕಿತ್ತು. ಅದೂ, ಸೆರಗಿಗೆಂದು ತಂದ ನೀಲಿ ಲಡಿಯೂ ಒಂದೇ ಗೂಟಕ್ಕೆ ತೂಗುತ್ತಿದ್ದವು. ಕಪ್ಪನ್ನು ತೆಗೆಯೋಣವೆಂದು ಹೋದೆ. ಎರಡೂ ಕೈಯಲ್ಲಿ ಒಂದೊಂದು ಹಿಡಿದು ನಿಂತೆ. ಬಾಗಿಲಿಗೆ ತಂದು ನೋಡಿದೆ, ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದೆ. ಒಮ್ಮೆ ಎಡಗೈಯದು ನೀಲಿ ಅನ್ನಿಸಿತು, ಒಮ್ಮೆ ಬಲಗೈಯದು. ಕಡೆಗೆ ಎರಡರಿಂದಲೂ ಒಂದೊಂದು ಎಳೆ ತೆಗೆದಿಟ್ಟುಕೊಂಡು, ಬಲಗೈಯ ಲಡಿಯನ್ನು ಕಾಗದದಲ್ಲಿ ಸುತ್ತಿ, ಕಪ್ಪೆಂದು ಹೇಳಿ, ಪಕ್ಕದ ರಾಜಣ್ಣನ ಮನೆಯ ಅಟ್ಟಕ್ಕೆ ಹಾಕಿಸಿ ಬಂದೆ. ಎಡಗೈಯದನ್ನು ಸೆರಗಿಗೆ ಹಾಕಿ ಒಂದು ಗೇಣು ನೇಯ್ದಿದ್ದೇನೆ.

ನೇಯ್ದದ್ದು ನೀಲಿಯೋ ಕಪ್ಪೋ ನನಗೆ ಗೊತ್ತಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಒಂದೊಂದು ಎಳೆಯನ್ನು ಆ ಹೊಸ ಗೋಡೆಗೆ ಹಿಡಿದು ನೋಡಿದೆ. ಎರಡು ಎಳೆಗಳೂ ಗೋಡೆಯಲ್ಲಿ ಮುಳುಗಿಹೋದವು. ಬೀಗರೂ ಮಗ್ಗದವರು ಅಕ್ಕಾ. ಅವರು ಬಂದ ದಿನ ಆ ಗೋಡೆಯ ಮುಂದೆಯೇ ಬಿಳಿ ಬಟ್ಟೆ ತೆಗೆದು ಸೆರಗು ಹರಡಿದಾಗ, ಅದು ಕಪ್ಪಾಗಿದ್ದರೆ ಕೂತವರಿಗೆಲ್ಲ ಕಾಣುತ್ತದೆ, ನನಗೊಬ್ಬನಿಗೆ ಕಾಣುವುದಿಲ್ಲ. ನಾನು ನಗುತ್ತ ನಿಂತಿರುತ್ತೇನೆ. ಯಾರನ್ನಾದರೂ ಕೇಳೋಣವೆಂದರೆ, ನೇಕಾರನೊಬ್ಬ ಹೋಗಿ ಇದು ನೀಲಿಯೇ ಎಂದು ಕೇಳಿದ ಸುದ್ದಿ ಬಸ್ ನಿಲ್ದಾಣ ಮುಟ್ಟಲು ಎಷ್ಟು ಹೊತ್ತು ಬೇಕು? ಆಮೇಲೆ ಯಾರು ನನ್ನ ಕೈಗೆ ರೇಷ್ಮೆ ಕೊಡುತ್ತಾರೆ?

ಆಸ್ಪತ್ರೆಗೆ ಹೋಗು ಎನ್ನುತ್ತೀಯ. ಹೋಗಿದ್ದೆ. ಬಣ್ಣ ಸಾಲದು, ಇನ್ನೊಂದು ಡಬ್ಬಿ ಬೇಕು ಎಂದು ಸುಳ್ಳು ಹೇಳಿ ಒಬ್ಬನೇ ಚಳ್ಳಕೆರೆಗೆ ಹೋದೆ. ಡಾಕ್ಟರಿಗೆ ಏನು ಹೇಳಬೇಕೆಂದು ಬಸ್ಸು ತಳಕು ಊರು ದಾಟುವವರೆಗೂ ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಕಣ್ಣಿನ ಆಸ್ಪತ್ರೆಯ ಮುಂದೆ ನಿಂತೆ. ಒಳಗೆ ಹೋದರೆ ಅದೇ ಮಾತು ಹೇಳುತ್ತಾರೆ, ಮೊದಲೇ ಬರಬೇಕಿತ್ತು ಎನ್ನುತ್ತಾರೆ ಎಂದು ಕಾಲು ಏಳಲಿಲ್ಲ. ಗೇಟಿನ ಪಕ್ಕದ ಗಾಡಿಯಲ್ಲಿ ಹುರಿದ ಶೇಂಗಾ ಕೊಂಡು, ಅಲ್ಲೇ ನಿಂತು ತಿಂದು, ಬೇಡದ ಡಬ್ಬಿ ಹೊತ್ತು ಮನೆಗೆ ಬಂದೆ. ಕಾಂಚನಾ ಆ ಡಬ್ಬಿ ನೋಡಿ, "ದನದ ಕೊಟ್ಟಿಗೆಗೂ ನೇವಿ ಬ್ಲೂ ಹೊಡಿಸ್ತೀರೇನು?" ಎಂದು ಕೇಳಿದಳು. ಹೂಂ, ದನಕ್ಕೂ ಒಂದು ಫೋಟೊ ತೆಗೆಸೋಣ ಎಂದೆ. ಅವಳು ನಕ್ಕಳು.

ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ನಿನ್ನ ಮಡಿಲಿಗೆ ಹಾಕಿದ್ದೇನೆ. ಬೈಯಬೇಕೆಂದರೆ ಬಂದ ಮೇಲೆ ಬೈ, ಫೋನಿನಲ್ಲಿ ಬೇಡ. ಭಾವನವರಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಮಾವನ ಆಶೀರ್ವಾದ. ಅತ್ತೆ ಯಾವಾಗ ಬರುತ್ತಾಳೆ ಎಂದು ದಿವ್ಯಾ ದಿನಕ್ಕೊಮ್ಮೆ ಕೇಳುತ್ತಾಳೆ. ನಮ್ಮ ಹಿರೀಕರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಬೆಲ್ಲದ ಚೂರಿಗೆ ಕಾದು ಕೂರುತ್ತಿದ್ದ ತಮ್ಮ,
ಅಂಜಿನೇಯ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ದಿವ್ಯಾಳ ನಿಶ್ಚಿತಾರ್ಥಕ್ಕೆ ನೀನು ನೀಲಿ ಸೀರೆಗೆ ಕಪ್ಪು ಕುಪ್ಪಸ ತೊಟ್ಟು ಬಂದೆ. ಹೆಂಗಸರೆಲ್ಲ ನಕ್ಕಾಗ "ನೀಲಿ ಅಂತಾನೇ ಹಾಕ್ಕಂಡೆ ಕಣ್ರೇ" ಎಂದೆ. ಆಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಈಗ ನಗು ಬರುತ್ತಿಲ್ಲ. ಈ ಕಾಗದದ ಮಡಿಕೆಯಲ್ಲಿ ಎರಡು ಎಳೆ ರೇಷ್ಮೆ ಇಟ್ಟಿದ್ದೇನೆ. ಗಂಟು ಹಾಕಿರುವುದು ಸೆರಗಿಗೆ ಹಾಕಿದ್ದು, ಗಂಟಿಲ್ಲದ್ದು ರಾಜಣ್ಣನ ಅಟ್ಟದಲ್ಲಿರುವುದು. ಹಗಲು ಹೊತ್ತಿನಲ್ಲಿ ಅಂಗಳಕ್ಕೆ ತಂದು ನೋಡು. ಗಂಟಿನದು ನೀಲಿಯೋ ಕಪ್ಪೋ, ಒಂದು ಕಾರ್ಡಿನಲ್ಲಿ ಬರೆದು ಹಾಕು, ಅಲ್ಲಿಯವರೆಗೆ ನಾನು ಲಾಳಿ ಮುಟ್ಟುವುದಿಲ್ಲ. ಎರಡೂ ನಿನಗೆ ಒಂದೇ ಥರ ಕಂಡರೆ ಕಾರ್ಡು ಬೇಡ. ಮೊಮ್ಮಗಳ ಕೈಗೆ ಆ ಎಳೆ ಕೊಟ್ಟು "ಇದ್ಯಾವ ಬಣ್ಣ" ಎಂದು ಕೇಳುವುದೂ ಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಕೂಡಲೇ ಬಸ್ಸು ಹತ್ತು. ಆಸ್ಪತ್ರೆಯ ಆ ಗೇಟು ಒಬ್ಬನಿಂದ ದಾಟಲಾಗಲಿಲ್ಲ, ಇಬ್ಬರೂ ಕೈ ಹಿಡಿದುಕೊಂಡು ದಾಟೋಣ.