ಚೀಲಗಳ ನಡುವೆ ಏಳು ಡಬ್ಬಿ

ಬ್ಯಾಡಗಿ
೧೦-೩-೨೦೦೬

ಭಾವನವರಾದ ವೀರಬಸಪ್ಪನವರಿಗೆ ಸರೋಜಿನಿಯ ನಮಸ್ಕಾರಗಳು.

ನಿಮ್ಮ ತಮ್ಮ ಬದುಕಿದ್ದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ. ಮಗಳು ಶಾಲ್ಮಲಾ ಸಿನಿಮಾ ಶಾಲೆಯ ಕೊನೆಯ ಪರೀಕ್ಷೆಗೆಂದು ಇಲ್ಲಿ ಚಿತ್ರ ತೆಗೆದು, ಏಳು ಡಬ್ಬಿ ಫಿಲ್ಮನ್ನು ತಂಪಿನಲ್ಲಿಡು ಎಂದು ನನಗೆ ಕೊಟ್ಟಿದ್ದಳು. ಬ್ಯಾಡಗಿಯಲ್ಲಿ ತಂಪೆಂದರೆ ಹೊಳೆಯುವುದು ಒಂದೇ ಜಾಗ. ನಿಮ್ಮ ಕೋಲ್ಡ್ ಸ್ಟೋರೇಜಿನ ಮೆಣಸಿನಕಾಯಿ ಚೀಲಗಳ ನಡುವೆ ಇಟ್ಟುಬಂದೆ. ಅದು ನನ್ನ ತಪ್ಪು.

ನಿನ್ನೆ ತರಲು ಹೋದಾಗ ಮ್ಯಾನೇಜರ್ ಚನ್ನಬಸು, “ಅಕ್ಕಾರ, ಸಾವ್ಕಾರ್ರ ಚೀಟಿ ಇಲ್ದ ಒಂದ್ ಕಾಯೀನೂ ಹೊರಗ ಬಿಡಂಗಿಲ್ರಿ” ಎಂದು ನಕ್ಕ. ಫೋನಿನಲ್ಲಿ ನೀವು, “ಹುಡುಗಿ ಮೊದ್ಲ ಬಂದು ರಾಣೆಬೆನ್ನೂರಿನ ವರಗ ಮಾರಿ ತೋರಿಸ್ಲಿ, ಆಮ್ಯಾಲ ಡಬ್ಬಿ” ಅಂದಿರಿ.

ಇಪ್ಪತ್ತನೇ ತಾರೀಖಿನೊಳಗೆ ಅವು ಶಾಲೆ ತಲುಪದಿದ್ದರೆ ಅವಳ ಮೂರು ವರ್ಷ ವ್ಯರ್ಥ. ಅವಳು ಬಂದರೆ ನೀವು ಮತ್ತೆ ಕಳಿಸುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತು.

ನಾನು ಹಾವೇರಿಯ ಕಾಲೇಜಿನಲ್ಲಿ ಪಾಠ ಮಾಡುವುದು ಮನೆತನಕ್ಕೆ ಒಪ್ಪುವುದಿಲ್ಲವೆಂದು ನೀವು ಹತ್ತು ವರ್ಷದಿಂದ ಹೇಳುತ್ತ ಬಂದಿದ್ದೀರಿ. ಅವಳ ಫೀಸಿಗೆ ಆ ಸಂಬಳ ಬೇಕಿತ್ತು. ಕೊನೆಯ ಕಂತು ಕಟ್ಟಿಯಾಯಿತು. ತರಗತಿಯಲ್ಲಿ ಕವಿತೆ ಓದುವ ಆ ಒಂದು ಗಂಟೆ ನನಗೆ ಯಾಕೆ ಬೇಕಿತ್ತೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ರಾಜೀನಾಮೆ ಪತ್ರ ಇದರ ಜೊತೆಗಿದೆ. ಸಹಿ ಮಾಡಿದ್ದೇನೆ, ತಾರೀಖು ಹಾಕಿಲ್ಲ. ಡಬ್ಬಿಗಳು ಬಸ್ಸು ಹತ್ತಿದ ದಿನದ ತಾರೀಖನ್ನು ನೀವೇ ಹಾಕಿ ಅಂಚೆಗೆ ಕೊಡಿರಿ. ಚೀಟಿಯಲ್ಲಿ ಏಳು ಎಂದು ಬರೆಯುವುದನ್ನು ಮರೆಯಬೇಡಿರಿ.

ಇನ್ನು ಮನೆಯಲ್ಲೇ ಸಿಗುವ,
ಸರೋಜಿನಿ