ಕೊಳಲಿನ ಕೆಳಗಿದ್ದ ದನಿ

ಪ್ರೀತಿಯ ಅಕ್ಕ,

ಆಡಿದ ಮಾತು ಗಾಳಿಯಲ್ಲಿ ಎಲ್ಲೋ ಸುತ್ತುತ್ತಲೇ ಇರುತ್ತದೆ ಎಂಬಂಥ ಒಂದು ಸಾಲನ್ನು ಓದಿದ್ದೆ. ಸುತ್ತುತ್ತದೆಯೋ, ಅಲೆಯುತ್ತದೆಯೋ, ಸರಿಯಾಗಿ ನೆನಪಿಲ್ಲ. ಓದಿದ ದಿನ ತಲೆದೂಗಿದ್ದೆ. ಈಗ ನಂಬಿಕೆಯಿಲ್ಲ. ಗಾಳಿಗೆ ಅಂಥ ಜವಾಬ್ದಾರಿ ಏನೂ ಇಲ್ಲ. ಮಾತು ಉಳಿಯಬೇಕಾದರೆ ಅದಕ್ಕೊಂದು ಜಾಗ ಬೇಕು, ಆ ಜಾಗವನ್ನು ಒದ್ದೆಯಾಗದಂತೆ ಇಟ್ಟಿರಬೇಕು.

ಗಂಟಲಿನ ಆಪರೇಷನ್ ಆದ ಮೇಲೆ ನೀನು ಫೋನಿನಲ್ಲಿ ಟೈಪ್ ಮಾಡುತ್ತೀಯ, ಫೋನಿನೊಳಗಿನ ಯಾವಳೋ ಒಬ್ಬಳು ಅದನ್ನು ಓದಿ ಹೇಳುತ್ತಾಳೆ. ಅವಳ ದನಿಯಲ್ಲಿ ನೀನು ನನ್ನನ್ನು ಬೈದಾಗ, ರೈಲು ತಡವಾಗಿ ಬರುತ್ತಿದೆ ಎಂದು ತಿಳಿಸಿದ ಹಾಗಿರುತ್ತದೆ. ನಿನ್ನದೇ ಹಳೆಯ ದನಿ ಒಂದಷ್ಟು ಹೊತ್ತು ಸ್ಪಷ್ಟವಾಗಿ ಸಿಕ್ಕರೆ ಫೋನಿಗೆ ಅದನ್ನೇ ಕಲಿಸಬಹುದು ಎಂದು ಆಸ್ಪತ್ರೆಯ ಮಾತಿನ ಚಿಕಿತ್ಸಕಿ ಹೇಳಿದ್ದರಲ್ಲ. ಎಲ್ಲರೂ ಹುಡುಕಿದೆವು. ಫೋಟೋಗಳಲ್ಲಿ ಬೇಕಾದಷ್ಟು ಇದ್ದೀಯ, ದನಿ ಮಾತ್ರ ಎಲ್ಲೂ ಇಲ್ಲ. ನೀನೋ, ವಾಯ್ಸ್ ಮೆಸೇಜ್ ಕಳಿಸುವವರನ್ನೆಲ್ಲ ಸೋಮಾರಿಗಳು ಎನ್ನುತ್ತಿದ್ದವಳು. ಕೊನೆಗೆ ಉಳಿದದ್ದು ಅಪ್ಪನ ವಿಡಿಯೋ ಟೇಪುಗಳ ಪೆಟ್ಟಿಗೆ.

ಅದರಲ್ಲಿ ಹೆಚ್ಚಿನವಕ್ಕೆ ಬೂಷ್ಟು ಹಿಡಿದಿದೆ. ತಿರುಗುವ ಸ್ಥಿತಿಯಲ್ಲಿದ್ದದ್ದು ಒಂದೇ, ನಾವು ಯಾರೂ ನೋಡಲು ಇಷ್ಟಪಡದ ಆ ವಾಷಿಂಗ್ ಮೆಷಿನ್ ಟೇಪು. ಮನೆಗೆ ಹೊಸ ಮೆಷಿನ್ ಬಂದ ದಿನ ಅಪ್ಪ ಬೇರೇನನ್ನೂ ಚಿತ್ರೀಕರಿಸಲಿಲ್ಲ. ಗಾಜಿನ ಬಾಗಿಲು, ಒಳಗೆ ತಿರುಗುವ ಅವರದೇ ಅಂಗಿ. ನೀನು ಚೌಕಟ್ಟಿನ ಆಚೆ ನಿಂತಿದ್ದೆ.

ಕಾಲೇಜಿನ ಗ್ರಂಥಾಲಯದಿಂದ ಹಳೆಯ ಪ್ಲೇಯರ್ ಒಂದನ್ನು ತಂದು, ನಡುವೆ ಟೇಪನ್ನು ಫೈಲಾಗಿಸುವ ಒಂದು ಪುಟ್ಟ ಡಬ್ಬಿ ಸಿಕ್ಕಿಸಿ, ಕಂಪ್ಯೂಟರಿಗೆ ಜೋಡಿಸಿದೆ. ಮೊದಲು ಚಿತ್ರವೇ ನಿಲ್ಲಲಿಲ್ಲ, ಬಾವಿಯ ಗಡಗಡೆಯಂತೆ ಉರುಳುತ್ತಿತ್ತು. ಪ್ಲೇಯರಿನೊಳಗೆ ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದ ಮೇಲೆ ನಿಂತಿತು. ಆಮೇಲೆ ಶಬ್ದ. ಪೂರ್ತಿ ರೆಕಾರ್ಡ್ ಮಾಡಿ ಕೇಳಿದರೆ ಫ್ಯಾನಿನ ಸದ್ದು, ಕುರ್ಚಿಯ ಕಿರುಗುಟ್ಟು, ನಡುವೆ ಯಾರೋ ಸ್ಪಷ್ಟವಾಗಿ "ಥೂ" ಎಂದರು. ಆ ಯಾರೋ ನಾನೇ. ಕಂಪ್ಯೂಟರ್ ಟೇಪಿನ ಮಾತು ಬಿಟ್ಟು ತನ್ನದೇ ಮೈಕಿನಿಂದ ನನ್ನ ಕೋಣೆಯನ್ನು ಕೇಳಿಸಿಕೊಳ್ಳುತ್ತಾ ಕೂತಿತ್ತು. ಅದನ್ನು ಬದಲಿಸಿದೆ. ಬಂತು, ಕೊಳಲು.

ನಿನಗೆ ನೆನಪಿರಬೇಕು. ಚಿತ್ರೀಕರಣ ಮುಗಿದ ಮೇಲೆ ಅಪ್ಪ ಕ್ಯಾಸೆಟ್ ಪ್ಲೇಯರನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಟೇಪಿಗೂ ಕೊಳಲು ತುಂಬುತ್ತಿದ್ದರು. "ಮನೆ ಗಲಾಟೆ ಯಾರು ಕೇಳ್ತಾರೆ? ಸಂಗೀತ ಇದ್ರೆ ಸಿನಿಮಾ ಥರ ಇರುತ್ತೆ" ಎನ್ನುತ್ತಿದ್ದರು. ಅದಕ್ಕೆ ನೀನು, "ಅಪ್ಪ ನಮ್ಮನ್ನೆಲ್ಲ ಮೂಗರನ್ನಾಗಿ ಮಾಡಿಬಿಟ್ರು" ಎಂದು ರೇಗಿದ್ದೆ. ಈ ವಾಕ್ಯವನ್ನು ಬರೆದು ಸ್ವಲ್ಪ ಹೊತ್ತು ನೋಡಿದೆ. ಹೊಡೆದು ಹಾಕುವುದಿಲ್ಲ, ಇರಲಿ.

ಕೊಳಲು ಕೂಡ ನೆಟ್ಟಗಿರಲಿಲ್ಲ. ಆಗಾಗ ಟರ್ರೆಂದು ಹರಿದು, ಏನೋ ಒಂದು ಚೂರು ಸದ್ದು ಬಂದು, ಮತ್ತೆ ಕೊಳಲು. ದೋಷ ಎಂದುಕೊಂಡೆ. ಇನ್ನೇನೂ ಸಿಗದಿದ್ದರೆ ಅಪ್ಪನ ಸಂಗೀತವಾದರೂ ಶುಚಿಯಾಗಿರಲಿ ಎಂದು ಆ ಚೂರುಗಳನ್ನು ಫೈಲಿನಿಂದ ಕತ್ತರಿಸತೊಡಗಿದೆ, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ. ಒಂದು ಚೂರು ಕತ್ತರಿಸುವ ಮುಂಚೆ, ಏಕೋ, ಇನ್ನೊಮ್ಮೆ ಕೇಳಿದೆ. "ಅಯ್ಯೋ ಅದಲ್ಲ..." ಎಂದಿತು.

ಅಷ್ಟನ್ನು ಆ ರಾಗದಲ್ಲಿ ಎಳೆಯುವವರು ಲೋಕದಲ್ಲಿ ಒಬ್ಬರೇ.

ಪ್ಲೇಯರಿನ ಕೈಪಿಡಿಯನ್ನು ಕವಿತೆ ಓದುವಷ್ಟೇ ನಿಧಾನವಾಗಿ ಓದಿದೆ. ಈ ಬಗೆಯ ಟೇಪಿನಲ್ಲಿ ಶಬ್ದ ಎರಡು ಕಡೆ ಇರುತ್ತದಂತೆ, ಒಂದು ಅಂಚಿನಲ್ಲಿ, ಇನ್ನೊಂದು ಚಿತ್ರದ ಅಡಿಯಲ್ಲಿ. ಆಮೇಲೆ ತುಂಬಿದ್ದು ಅಂಚಿಗೆ ಮಾತ್ರ ಹೋಗುತ್ತದೆ. ಅಡಿಯದ್ದನ್ನು ಅಳಿಸಲು ಅಪ್ಪನ ಕೈಲಿ ಆಗುತ್ತಲೇ ಇರಲಿಲ್ಲ. ಅಡಿಯದ್ದು ಓದಲು ಬಾರದಾಗ ಯಂತ್ರ ತಾನಾಗಿಯೇ ಅಂಚಿಗೆ ಜಾರುತ್ತದೆ, ನಮಗೆ ಹೇಳುವುದೂ ಇಲ್ಲ. ಹಾಗಾದರೆ ನಾನು ದೋಷವೆಂದು ಆರಿಸಿ ಎಸೆಯುತ್ತಿದ್ದದ್ದೇ ನೀನು.

ಹೆಡ್ಡನ್ನು ಮತ್ತೆ ಒರೆಸಿದೆ. ಹೆಡ್ಡನ್ನು ಟೇಪಿನ ಗೆರೆಗೆ ಹೊಂದಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಕೊಳಲು ತೊದಲಿತು, ಹರಿಯಿತು, ನಿಂತೇಹೋಯಿತು.

ನೀನು ಅಪ್ಪನಿಗೆ ಮೆಷಿನ್ನಿನ ಪುಸ್ತಕವನ್ನು ಓದಿ ಹೇಳುತ್ತಿದ್ದೀಯ, ಮೊದಲಿಂದ ಕೊನೆಯವರೆಗೂ. "ನೀರಿನ ನಲ್ಲಿ ತೆರೆಯಿರಿ. ತೆರೆದ್ರಾ? ಕ್ಯಾಮರಾ ಕೆಳಗಿಟ್ಟು ತೆರೀರಪ್ಪ. ಬಾಗಿಲು ಮುಚ್ಚಿ. ಅಯ್ಯೋ ಅದಲ್ಲ, ಮೆಷಿನ್ ಬಾಗಿಲು! ಬೀದಿ ಬಾಗಿಲು ಯಾಕೆ ಮುಚ್ತೀರಿ?" ಹಿಂದೆ ಅಮ್ಮ ನಗುತ್ತಾಳೆ. ನಾನು ಏನೋ ಕೇಳುತ್ತೇನೆ. "ನೀನು ಸುಮ್ಮನಿರೆ ಗೊರವಂಕ, ನಿನ್ನನ್ನೂ ಒಳಗೆ ಹಾಕಿ ತಿರುಗಿಸ್ತೀನಿ" ಎನ್ನುತ್ತೀಯ.

ಅಳು ಬರಲಿಲ್ಲ. ಮೊದಲು ಮೂರು ಕಡೆ ಪ್ರತಿ ಮಾಡಿಟ್ಟೆ, ಆಮೇಲೆ ಕುರ್ಚಿಗೆ ಒರಗಿದೆ.

ಫೈಲನ್ನು ನಿನಗೇ ಕಳಿಸುತ್ತಿದ್ದೇನೆ, ಚಿಕಿತ್ಸಕಿಗಲ್ಲ. ಅದು ಕಾಲೇಜು ಹುಡುಗಿಯ ದನಿ. ಐವತ್ತು ದಾಟಿದವಳಿಗೆ ಹೊಂದುತ್ತದೋ, ಹಳೆಯ ರವಿಕೆಯಂತೆ ಬಿಗಿಯುತ್ತದೋ ನನಗೆ ಗೊತ್ತಿಲ್ಲ. ಬೇಕು ಅನಿಸಿದರೆ ಇಟ್ಟುಕೋ. ಆ ರೈಲಿನವಳೇ ಅಭ್ಯಾಸವಾಗಿದ್ದರೆ ಹಾಗೇ ಇರಲಿ, ಯಾಕೆಂದು ನಾನು ಕೇಳುವುದಿಲ್ಲ.

ಆರೋಗ್ಯವಾಗಿರು. ಯಾವ ದನಿಯಲ್ಲಾದರೂ ಸರಿ, ನನ್ನನ್ನು ಬೈಯಲು ನೀನು ಬಹಳ ಕಾಲ ಇರಬೇಕು.

ನಿನ್ನ ತಂಗಿ

ಇನ್ನೊಂದು ಮಾತು: ಇದನ್ನು ಮಡಿಸುವಾಗ ಪಕ್ಕದ ಮನೆಯ ನಿವೃತ್ತ ನರ್ಸ್ ಬಾಗಿಲು ತಟ್ಟಿದರು. ಟೇಪನ್ನು ದೊಡ್ಡದಾಗಿ ಹಾಕಿಕೊಂಡಿದ್ದೆನಲ್ಲ, ಗೋಡೆಯಾಚೆ ಎಲ್ಲ ಕೇಳಿಸಿದೆ. ಒಳಗೆ ಇಣುಕುತ್ತಾ ಹೇಳಿದರು: "ಏನ್ರೀ, ಯಾರು ಬಂದಿರೋದು? ಬೆಳಗಿಂದ ಒಂದೇ ಸಮ ದಬಾಯಿಸ್ತಾ ಇದ್ದಾರೆ, ನಿಮ್ಮದು ಉಸಿರೇ ಇಲ್ಲ! ಒಳ್ಳೆ ಗಂಟಲು ಕಣ್ರೀ ಅವರದ್ದು. ಹೋಗೋಕೆ ಮುಂಚೆ ನಮ್ಮನೆಗೂ ಕರ್ಕೊಂಡು ಬನ್ನಿ, ನಮ್ಮ ಯಜಮಾನರನ್ನೂ ಸ್ವಲ್ಪ ಬೈಯಲಿ."